ಯಾವ ಫ್ಲವರ್ ಶೋಗೆ ದುಡ್ಡು ಹಾಕೋದು?

ಒಂದು ಫ್ಲವರ್ ಶೋದಲ್ಲಿ ಹೃದಯದ ಆಕಾರದ ದೊಡ್ಡ ಕಮಾನು ಕಟ್ಟಿದ್ದರು. ಮೈತುಂಬಾ ಕೆಂಪು ಗುಲಾಬಿ. ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳಲು ಉದ್ದದ ಕ್ಯೂ. ಅಲ್ಲಿಂದ ಹತ್ತು ಹೆಜ್ಜೆ ಆಚೆ ಒಂದು ಮೇಜು. ಮೇಜಿನ ಮೇಲೆ ಸಾಲಾಗಿ ಹಸಿರು ಹೂದಾನಿ, ಒಂದೊಂದರಲ್ಲಿ ಒಂದೊಂದೇ ಡೇರೆ ಹೂ. ವಯಸ್ಸಾದವರೊಬ್ಬರು ಬಗ್ಗಿ ನಿಂತು, ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಎಸಳಿನ ಸಂದಿಯ ಹೇನು ತೆಗೆಯುತ್ತಿದ್ದರು. ನೋಡಲು ನಿಂತವನು ನಾನೊಬ್ಬನೇ. ಕಾಲು ಗಂಟೆ ಮಾತಾಡಿದೆವು. ಯಾವ ಮೊಗ್ಗು ಚಿವುಟಬೇಕು, ಗೆಡ್ಡೆ ಯಾವಾಗ ಕೀಳಬೇಕು, ಎಲ್ಲ ಹೇಳಿಕೊಟ್ಟರು.

ಕಮಾನಿಗೂ ಡೇರೆಗೂ ಒಂದೇ ಟಿಕೆಟ್. ಆದರೆ ಟಿಕೆಟ್ ದರ ಏರುತ್ತಿರುವುದು ಕಮಾನಿನ ಕಡೆಯಿಂದಲೇ ಅನ್ನೋದು ನನ್ನ ಗುಮಾನಿ. ಡೇರೆಯವರು ಮೊದಲೂ ಹಾಗೇ ಕೂತಿದ್ದರು, ಈಗಲೂ ಹಾಗೇ ಕೂತಿದ್ದಾರೆ.

ಫ್ಲವರ್ ಶೋ ಅನ್ನೋ ಒಂದೇ ಹೆಸರಿನ ಕೆಳಗೆ ಈಗ ಐದಾರು ಬೇರೆ ಬೇರೆ ಸಂಗತಿಗಳು ನಡೆಯುತ್ತವೆ. ಒಂದು ಕಡೆ ತೋಟದ ವಿನ್ಯಾಸದ ಪ್ರದರ್ಶನ, ಒಂದು ಕಡೆ ಗಿಡಗಳ ಸಂತೆ, ಇನ್ನೊಂದು ಕಡೆ ಬೆಳೆಗಾರರ ಸ್ಪರ್ಧೆ, ಮತ್ತೊಂದು ಕಡೆ ಸುಮ್ನೆ ಒಂದು ಜಾತ್ರೆ. ಯಾವುದು ಬೇಕು ಅಂತ ಗೊತ್ತಿಲ್ಲದೆ ಹೋದರೆ ಎಷ್ಟು ಕಡಿಮೆ ದರದ ಟಿಕೆಟ್ಟೂ ದುಬಾರಿಯೇ. ಅದಕ್ಕೇ ಒಂದೊಂದನ್ನೂ ಪಕ್ಕಪಕ್ಕ ಇಟ್ಟು ನೋಡೋಣ.

ಮೊದಲು ಖರ್ಚಿನ ಲೆಕ್ಕ

ಟಿಕೆಟ್ ದರ ನೋಡಿ ತೀರ್ಮಾನ ಮಾಡುವುದು ಎಲ್ಲರೂ ಮಾಡುವ ತಪ್ಪು. ನಾನೂ ಮಾಡಿದ್ದೇನೆ. ದೂರದ ಶೋ ಆದರೆ ಒಟ್ಟು ಖರ್ಚಿನಲ್ಲಿ ಟಿಕೆಟ್ಟಿನದು ಸಣ್ಣ ಪಾಲು. ಪ್ರಯಾಣ, ರೂಮು, ಪಾರ್ಕಿಂಗ್, ಒಳಗಿನ ಊಟ ತಿಂಡಿ, ಆನ್‌ಲೈನ್ ಬುಕಿಂಗ್ ಶುಲ್ಕ, ಕೊನೆಗೆ ಕೈ ತಡೆಯಲಾಗದೆ ಕೊಂಡ ಗಿಡ, ಇವೆಲ್ಲ ಸೇರಬೇಕು. ಅದರಲ್ಲೂ ರೂಮಿನ ದರ ಶೋ ನಡೆಯುವ ವಾರ ಜಿಗಿಯುತ್ತದೆ. ಒಂದು ವಾರ ಮಾತ್ರ ನಡೆಯುವ ಶೋಗೂ ಎರಡು ತಿಂಗಳು ತೆರೆದಿರುವ ತೋಟಕ್ಕೂ ಇಲ್ಲೇ ದೊಡ್ಡ ವ್ಯತ್ಯಾಸ.

ನಾನೀಗ ಮಾಡುವುದು ಇಷ್ಟು. ಮನೆ ಬಿಟ್ಟಾಗಿನಿಂದ ಮನೆ ಸೇರುವ ತನಕದ ಖರ್ಚೆಲ್ಲ ಕೂಡಿ, ನಿಜವಾಗಿ ಗಿಡ ಹೂ ನೋಡಿದ ಗಂಟೆಗಳಿಂದ ಭಾಗಿಸುತ್ತೇನೆ. ಕ್ಯೂನಲ್ಲಿ ನಿಂತದ್ದು, ಜನರ ಬೆನ್ನು ನೋಡಿದ್ದು, ಟಾಯ್ಲೆಟ್ ಹುಡುಕಿದ್ದು ಲೆಕ್ಕಕ್ಕಿಲ್ಲ. ಈ ಲೆಕ್ಕದಲ್ಲಿ ರಜಾ ದಿನದ ಮಧ್ಯಾಹ್ನ ಯಾವ ಶೋ ಆದರೂ ಸೋಲುತ್ತದೆ. ವಾರದ ಮಧ್ಯೆ, ಗೇಟು ತೆರೆದ ಮೊದಲ ಎರಡು ಗಂಟೆಯೇ ಎಲ್ಲ ಕಡೆಯೂ ಒಳ್ಳೆಯದು. ಸಂಜೆಯ ಅಗ್ಗದ ಟಿಕೆಟ್ ಕೊಡುವ ಶೋಗಳೂ ಇವೆ. ಜನ ಕರಗಿರುತ್ತಾರೆ, ಬೆಳಕೂ ಚೆನ್ನಾಗಿರುತ್ತದೆ. ಆದರೆ ಹೂವಿಗೆ ಅಷ್ಟೊತ್ತಿಗೆ ಸುಸ್ತಾಗಿರುತ್ತದೆ.

ಚೆಲ್ಸಿ: ಒಮ್ಮೆ ನೋಡಲೇಬೇಕಾ?

ದೊಡ್ಡ ಶೋ ಅಂದರೆ ಎಲ್ಲರ ಬಾಯಲ್ಲೂ ಬರುವುದು ಲಂಡನ್ನಿನ ಚೆಲ್ಸಿ. ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯದು. ಸೊಸೈಟಿ ಹುಟ್ಟಿದ್ದು 1804ರಲ್ಲಿ. ಅದರ ವಸಂತದ ಪ್ರದರ್ಶನ 1862ರಲ್ಲಿ ಕೆನ್ಸಿಂಗ್ಟನ್‌ನಲ್ಲಿ ಶುರುವಾಗಿ, 1888ರಲ್ಲಿ ಟೆಂಪಲ್ ಗಾರ್ಡನ್ಸ್‌ಗೆ ಹೋಗಿ, 1913ರಲ್ಲಿ ಚೆಲ್ಸಿ ಆಸ್ಪತ್ರೆಯ ಮೈದಾನಕ್ಕೆ ಬಂತು. ಆಸ್ಪತ್ರೆ ಅಂದರೆ ನಿವೃತ್ತ ಸೈನಿಕರ ಆಶ್ರಮ. ಆಗ ಮೂರು ದಿನದ ಶೋ. 2005ರಿಂದ ಐದು ದಿನ. ಆ ಐದರಲ್ಲೂ ಮೊದಲ ಎರಡು ದಿನ ಸೊಸೈಟಿಯ ಸದಸ್ಯರಿಗೇ ಮೀಸಲು.

ಇಲ್ಲಿ ಜನ ನೋಡಲು ಬರುವುದು ಮುಖ್ಯವಾಗಿ ಶೋ ಗಾರ್ಡನ್‌ಗಳನ್ನು. ಖಾಲಿ ಹುಲ್ಲಿನ ಮೈದಾನದಲ್ಲಿ ಸುಮಾರು ಮೂರು ವಾರದಲ್ಲಿ ಇಡೀ ತೋಟ ಎದ್ದು ನಿಲ್ಲುತ್ತದೆ. ಕಲ್ಲಿನ ಗೋಡೆ, ಹರಿಯುವ ನೀರು, ಬೆಳೆದು ನಿಂತ ಮರ, ಎಲ್ಲ. ಒಂದೊಂದಕ್ಕೂ ಲಕ್ಷಗಟ್ಟಲೆ ಪೌಂಡ್ ಬೇಕು. ಆ ದುಡ್ಡು ಬಹುಕಾಲ ಬಂದದ್ದು ಬ್ಯಾಂಕು, ಹೂಡಿಕೆ ಕಂಪನಿಗಳಂಥ ಪ್ರಾಯೋಜಕರಿಂದ. 2022ರಿಂದ ಪ್ರಾಜೆಕ್ಟ್ ಗಿವಿಂಗ್ ಬ್ಯಾಕ್ ಅನ್ನೋ ಸಂಸ್ಥೆ ಸೇವಾ ಸಂಸ್ಥೆಗಳ ಪರವಾಗಿ ತೋಟ ಕಟ್ಟಲು ದುಡ್ಡು ಕೊಡಲು ಶುರುಮಾಡಿತು. ಶೋ ಮುಗಿದ ಮೇಲೆ ಆ ತೋಟಗಳು ಬೇರೆ ಕಡೆ ಕಾಯಂ ಆಗಿ ನೆಲೆಗೊಳ್ಳಬೇಕು ಅನ್ನೋದು ಅದರ ಷರತ್ತು. ಮೊದಲು ಒಂದು ವಾರದ ಮಿಂಚಿಗೆ ಕಟ್ಟಿ ಕೆಡವುತ್ತಿದ್ದರು. ಆ ಮಟ್ಟಿಗೆ ಬದಲಾವಣೆ ಒಳ್ಳೆಯದೇ.

ಆದರೆ ನೋಡುವವರು ಒಂದು ಗುಟ್ಟು ತಿಳಿದಿರಬೇಕು. ಅಲ್ಲಿ ಕಾಣುವ ತೋಟ ಬೆಳೆದ ತೋಟ ಅಲ್ಲ, ಜೋಡಿಸಿದ ತೋಟ. ಬಹಳಷ್ಟು ಗಿಡಗಳು ಕುಂಡದ ಸಮೇತ ನೆಲಕ್ಕೆ ಇಳಿದಿರುತ್ತವೆ. ಮಧ್ಯೆ ಮಣ್ಣು ಕಾಣದ ಹಾಗೆ ಒತ್ತೊತ್ತಾಗಿ ತುಂಬಿರುತ್ತಾರೆ. ಮನೆಯಲ್ಲಿ ಅಷ್ಟು ಹತ್ತಿರ ನೆಟ್ಟರೆ ಆರು ತಿಂಗಳಲ್ಲಿ ಒಂದನ್ನೊಂದು ತುಳಿದು ಅರ್ಧ ಸಾಯುತ್ತವೆ. ಹೂ ಬಿಡುವ ಕಾಲವೂ ಹಾಗೇ. ಮಾರ್ಚಿನಲ್ಲಿ ಅರಳಬೇಕಾದ ಡ್ಯಾಫೊಡಿಲ್ ಅನ್ನು ಶೀತಲಗೃಹದಲ್ಲಿ ಮಲಗಿಸಿ ಮೇ ತನಕ ತಡೆದಿರುತ್ತಾರೆ. ಬೇಸಿಗೆಯಲ್ಲಿ ಬರಬೇಕಾದ್ದಕ್ಕೆ ಬಿಸಿ, ಬೆಳಕು ಕೊಟ್ಟು ಮುಂಚೆಯೇ ಎಬ್ಬಿಸಿರುತ್ತಾರೆ. ಎರಡೂ ಪಕ್ಕಪಕ್ಕ ಅರಳಿ ನಿಂತದ್ದು ನೋಡಿ "ಆಹಾ, ಇದನ್ನೇ ನಮ್ಮನೇಲಿ ಮಾಡೋಣ" ಅಂದುಕೊಂಡರೆ ಕೆಟ್ಟಿರಿ. ಅವೆರಡೂ ಒಟ್ಟಿಗೆ ಅರಳುವ ತಿಂಗಳೇ ಇಲ್ಲ.

ಗಿಡದ ಹುಚ್ಚಿದ್ದವರಿಗೆ ನನ್ನ ಸಲಹೆ ಬೇರೆ. ಶೋ ಗಾರ್ಡನ್ ಮುಂದಿನ ಕ್ಯೂ ಬಿಟ್ಟು ನೇರ ಗ್ರೇಟ್ ಪೆವಿಲಿಯನ್‌ಗೆ ಹೋಗಿ. ದೊಡ್ಡ ಡೇರೆ ಅದು. (ಹೂವಲ್ಲ, ಟೆಂಟು.) ನರ್ಸರಿಯವರು ತಾವೇ ಬೆಳೆಸಿದ್ದನ್ನು ಇಟ್ಟುಕೊಂಡು ನಿಂತಿರುತ್ತಾರೆ. ಹೆಸರು ಕೇಳಿದರೆ ವಂಶಾವಳಿಯನ್ನೇ ಹೇಳುತ್ತಾರೆ. ಟಿವಿಯಲ್ಲಿ ಶೋ ಗಾರ್ಡನ್ ಇದಕ್ಕಿಂತ ಚೆನ್ನಾಗಿ ಕಾಣುತ್ತದೆ, ಯಾರ ತಲೆಯೂ ಅಡ್ಡ ಬರುವುದಿಲ್ಲ. ಪೆವಿಲಿಯನ್ನಿನ ವಾಸನೆ, ಮಾತು ಟಿವಿಯಲ್ಲಿ ಸಿಗುವುದಿಲ್ಲ. ಬೇಜಾರಿನ ವಿಷಯ ಅಂದರೆ ಕಷ್ಟದಲ್ಲಿರುವುದೂ ಇವರೇ. ವರ್ಷವಿಡೀ ಗಿಡ ತಯಾರು ಮಾಡು, ಲಾರಿಯಲ್ಲಿ ಸಾಗಿಸು, ಒಂದು ವಾರ ಕೆಲಸದವರ ಸಮೇತ ದುಬಾರಿ ನಗರದಲ್ಲಿ ಉಳಿ. ಇಷ್ಟೆಲ್ಲ ಖರ್ಚು ಒಂದು ಸಣ್ಣ ನರ್ಸರಿಗೆ ಗಿಡ ಮಾರಿ ಹುಟ್ಟುವುದು ಸುಲಭವಲ್ಲ.

ಪದಕಗಳ ಬಗ್ಗೆ ಒಂದು ಮಾತು. ಗೋಲ್ಡ್, ಸಿಲ್ವರ್ ಗಿಲ್ಟ್ (ಚಿನ್ನದ ಲೇಪದ ಬೆಳ್ಳಿ), ಸಿಲ್ವರ್, ಬ್ರಾಂಜ್ ಅಂತ ನಾಲ್ಕು. ಓಟದ ಸ್ಪರ್ಧೆಯ ಹಾಗೆ ಒಬ್ಬರಿಗೇ ಚಿನ್ನ ಅಲ್ಲ. ಆ ಮಟ್ಟ ಮುಟ್ಟಿದವರಿಗೆಲ್ಲ ಚಿನ್ನ. ಹಾಗಾಗಿ ಚಿನ್ನದ ಕಾರ್ಡು ಕಂಡ ಕಡೆಯೆಲ್ಲ ಗುಂಪು ಸೇರಬೇಕಾಗಿಲ್ಲ. ಬ್ರಾಂಜ್ ಬಂದ ತೋಟದ ಮುಂದೆ ಖಾಲಿ ಇರುತ್ತದೆ. ಅಲ್ಲಿ ಹತ್ತು ನಿಮಿಷ ನಿಂತು ಎಲ್ಲಿ ಎಡವಿರಬಹುದು ಅಂತ ಹುಡುಕಿದರೆ ಕಲಿಯಲು ಜಾಸ್ತಿ ಸಿಗುತ್ತದೆ.

ಚಿಕ್ಕ ಮಕ್ಕಳಿದ್ದರೆ ಚೆಲ್ಸಿ ಬೇಡ. ಕೂಸುಗಳನ್ನೂ ಸೇರಿಸಿ ಐದು ವರ್ಷದೊಳಗಿನವರನ್ನು ಒಳಗೆ ಬಿಡದ ನಿಯಮ ಬಹಳ ಕಾಲದಿಂದ ಇದೆ. ಬುಕ್ ಮಾಡುವ ಮೊದಲು ನೋಡಿಕೊಳ್ಳಿ. ಬಣ್ಣ ಬಳಿದ ತೋಟದ ಕುಳ್ಳ ಗೊಂಬೆಗಳಿಗೂ ಅಲ್ಲಿ ನಿಷೇಧ ಇತ್ತು. 2013ರಲ್ಲಿ ನೂರು ವರ್ಷದ ನೆಪದಲ್ಲಿ ಅವಕ್ಕೆ ಪ್ರವೇಶ ಕೊಟ್ಟರು. ಕೂಸುಗಳಿಗೆ ಆ ಭಾಗ್ಯ ಬರಲಿಲ್ಲ.

ಸದಸ್ಯತ್ವ ತೆಗೆದುಕೊಂಡರೆ ಅಗ್ಗವಾ? ಅದೇ ಸಂಸ್ಥೆಯ ತೋಟಗಳನ್ನು ವರ್ಷದಲ್ಲಿ ಬೇರೆ ದಿನಗಳಲ್ಲೂ ನೋಡುವವರಿಗೆ ಹೌದು. ಒಂದೇ ದಿನ ಬಂದು ಹೋಗುವವರಿಗೆ ರಿಯಾಯಿತಿಯ ಹೆಸರಲ್ಲಿ ಇನ್ನೊಂದು ಖರ್ಚು. ಇದು ಯಾವ ಶೋದ ಸದಸ್ಯತ್ವಕ್ಕೂ ಅನ್ವಯಿಸುತ್ತದೆ.

ಚಾವಣಿಯ ಕೆಳಗೆ: ಫಿಲಡೆಲ್ಫಿಯಾ

ಮಳೆ, ಕೆಸರಿನ ಭಯ ಇದ್ದವರಿಗೆ ಒಳಾಂಗಣದ ಶೋ. ಅದರಲ್ಲಿ ಹೆಸರಾದದ್ದು ಅಮೆರಿಕದ ಫಿಲಡೆಲ್ಫಿಯಾದ್ದು. ಪೆನ್ಸಿಲ್ವೇನಿಯಾ ಹಾರ್ಟಿಕಲ್ಚರಲ್ ಸೊಸೈಟಿ 1829ರಲ್ಲಿ ಇದನ್ನು ಶುರುಮಾಡಿತು. ಕ್ರಿಸ್‌ಮಸ್ ಗಿಡ ಅಂತ ಈಗ ಎಲ್ಲೆಲ್ಲೂ ಮಾರುವ ಪಾಯಿನ್‌ಸೆಟ್ಟಿಯಾವನ್ನು ಅಲ್ಲಿನ ಜನ ಮೊದಲು ಕಂಡದ್ದು ಅದೇ ಮೊದಲ ಶೋದಲ್ಲಿ. ಕೋವಿಡ್ ಕಾಲದಲ್ಲಿ, 2021 ಮತ್ತು 2022ರಲ್ಲಿ, ಒಂದು ಪಾರ್ಕಿಗೆ, ಅದೂ ಜೂನ್ ತಿಂಗಳಿಗೆ ಹೋಗಿತ್ತು. 2023ರಲ್ಲಿ ಮತ್ತೆ ಮಾರ್ಚಿಗೆ, ಕನ್ವೆನ್ಶನ್ ಸೆಂಟರ್ ಒಳಗೆ ಬಂತು.

ಒಳಾಂಗಣದಲ್ಲಿ ಎಲ್ಲವೂ ನಾಟಕದ ರಂಗದ ಹಾಗೆ. ಹೊರಗೆ ಚಳಿಗಾಲ ಮುಗಿದಿರುವುದಿಲ್ಲ, ಒಳಗೆ ದೀಪದ ಬೆಳಕಲ್ಲಿ ವಸಂತ. ಚಳಿ ದೇಶದವರಿಗೆ ಆ ಬಾಗಿಲು ದಾಟುವ ಕ್ಷಣಕ್ಕೇ ದುಡ್ಡು ಕೊಡಬಹುದು. ವರ್ಷವಿಡೀ ಹೂ ನೋಡುವ ಬೆಚ್ಚಗಿನ ನಾಡಿನವರಿಗೆ ಆ ರೋಮಾಂಚನ ಅಷ್ಟಿರುವುದಿಲ್ಲ. ಹೂ ಜೋಡಣೆ ಕಲಿಯುವವರಿಗೆ ಮಾತ್ರ ಇದು ಚೆಲ್ಸಿಗಿಂತ ಒಂದು ಕೈ ಮೇಲು.

ಕ್ಯೂಕೆನ್‌ಹಾಫ್: ಕಣ್ಣಿಗೆ ಹಬ್ಬ, ಕೈಗೆ ಏನೂ ಇಲ್ಲ

ನೆದರ್‌ಲ್ಯಾಂಡ್ಸ್‌ನ ಲಿಸ್ಸೆಯಲ್ಲಿರುವ ಕ್ಯೂಕೆನ್‌ಹಾಫ್ ಅನ್ನು ಶೋ ಅನ್ನೋದೋ ತೋಟ ಅನ್ನೋದೋ? ಎರಡೂ. ಗೆಡ್ಡೆ ಬೆಳೆಗಾರರು, ರಫ್ತುದಾರರು ಸೇರಿ ತಮ್ಮ ಮಾಲು ತೋರಿಸಲು 1949ರಲ್ಲಿ ಯೋಜನೆ ಹಾಕಿದರು. 1950ರಲ್ಲಿ ಬಾಗಿಲು ತೆರೆಯಿತು. 32 ಹೆಕ್ಟೇರ್ ಜಾಗ. ಪ್ರತಿ ವರ್ಷ ಸುಮಾರು 70 ಲಕ್ಷ ಗೆಡ್ಡೆ, ಅದೂ ಕೈಯಲ್ಲೇ ನೆಡುತ್ತಾರೆ. ಮಾರ್ಚ್ ನಡುವಿನಿಂದ ಮೇ ನಡುವಿನ ತನಕ, ಎಂಟು ವಾರ ತೆರೆದಿರುತ್ತದೆ. ಆಮೇಲೆ ಎಲ್ಲ ಕಿತ್ತು, ಚಳಿಗೆ ಮೊದಲು ಮತ್ತೆ ಹೊಸದಾಗಿ ನೆಡುವುದು. ಅಂದರೆ ಇದು ಇವತ್ತಿಗೂ ಒಂದು ದೊಡ್ಡ ಅಂಗಡಿ ಕಿಟಕಿ. ಅದನ್ನು ಮುಚ್ಚಿಟ್ಟಿಲ್ಲ ಅನ್ನೋದೇ ನನಗೆ ಇಷ್ಟ.

ಚೆಲ್ಸಿಗೆ ಹೋಲಿಸಿದರೆ ಇಲ್ಲಿ ಲಾಭ ಏನು? ದಿನದ ಆಯ್ಕೆ. ಎಂಟು ವಾರದಲ್ಲಿ ಯಾವ ಮಂಗಳವಾರ ಬೇಕಾದರೂ ಆರಿಸಿಕೊಳ್ಳಬಹುದು. ವಿಮಾನ, ರೂಮು ಅಗ್ಗ ಇದ್ದಾಗ ಹೋಗಬಹುದು. ಟಿಕೆಟ್ಟಿಗೆ ದಿನ, ಹೊತ್ತು ಮೊದಲೇ ಗೊತ್ತುಮಾಡಬೇಕು. ಹಾಗಾಗಿ ಬೆಳಗಿನ ಮೊದಲ ಹೊತ್ತನ್ನೇ ಹಿಡಿಯಿರಿ, ಪ್ರವಾಸಿ ಬಸ್ಸುಗಳು ಬರುವ ಮೊದಲು.

"ಹೂ ಯಾವಾಗ ಜಾಸ್ತಿ?" ಅಂತ ಎಲ್ಲರೂ ಕೇಳುತ್ತಾರೆ. ಟುಲಿಪ್ ಬೇಕಾದರೆ ಏಪ್ರಿಲ್ ನಡುವಿನ ಆಸುಪಾಸು. ಆದರೆ ಹವೆ ವರ್ಷಕ್ಕೊಂದು ಥರ. ಅದಕ್ಕೇ ಅವರು ಎಷ್ಟೋ ಪಾತಿಗಳಲ್ಲಿ ಒಂದರ ಮೇಲೊಂದು ಪದರವಾಗಿ ಗೆಡ್ಡೆ ಇಡುತ್ತಾರೆ. ಬೇಗ ಅರಳುವ ಕ್ರೋಕಸ್ ಮೇಲೆ, ತಡವಾಗಿ ಬರುವ ಟುಲಿಪ್ ಕೆಳಗೆ. ಒಂದು ಬಾಡುವಾಗ ಇನ್ನೊಂದು ತಲೆ ಎತ್ತುತ್ತದೆ. ಬೇಗ ಹೋದವರಿಗೂ ಗಾಜಿನ ಮನೆಯ ಒಳಗೆ ಟುಲಿಪ್ ಸಿಗುತ್ತದೆ.

ದುಡ್ಡು ಉಳಿಸಬೇಕು ಅನ್ನುವವರು ಟಿಕೆಟ್ಟೇ ಕೊಳ್ಳದೆ ಆ ಸೀಮೆಯ ಹೊಲಗಳ ನಡುವಿನ ರಸ್ತೆಯಲ್ಲಿ ಸೈಕಲ್ ಹೊಡೆಯಬಹುದು. ನೋಟ ಬೇರೆ ಥರದ್ದು. ಪಟ್ಟೆ ಪಟ್ಟೆ ಬಣ್ಣ, ಗಾಳಿಯಲ್ಲಿ ಹಯಸಿಂತ್ ಪರಿಮಳ. ಆದರೆ ಅದು ಹೊಲ. ಅವರ ಬೆಳೆ ಗೆಡ್ಡೆ, ಹೂವಲ್ಲ. ಗೆಡ್ಡೆ ದಪ್ಪಗಾಗಲಿ ಅಂತ ಅರಳಿದ ಸ್ವಲ್ಪ ದಿನಕ್ಕೇ ಹೂವಿನ ತಲೆ ಕತ್ತರಿಸಿ ಹಾಕುತ್ತಾರೆ. ನೀವು ಹೋದ ದಿನ ಬರೀ ಹಸಿರು ಕಡ್ಡಿಗಳ ಸಾಲು ಕಂಡರೆ ಯಾರನ್ನೂ ಬೈಯುವ ಹಾಗಿಲ್ಲ. ಫೋಟೋಗಾಗಿ ಸಾಲಿನ ಒಳಗೆ ನುಗ್ಗುವವರಿಂದ ರೈತರು ರೋಸಿ ಹೋಗಿದ್ದಾರೆ. ಅಂಚಿನಲ್ಲೇ ನಿಲ್ಲಿ.

ಕಲಿಯಲು ಇಲ್ಲಿ ಸಿಗುವುದು ಕಡಿಮೆ. ಬೆಳೆಸಿದವರು ಎದುರಿಗೆ ಇರುವುದಿಲ್ಲ, ಬೋರ್ಡು ಮಾತ್ರ ಇರುತ್ತದೆ. ಎರಡನೇ ಸಲ ಹೋಗಲು ಕಾರಣವೂ ಅಷ್ಟಾಗಿ ಇರುವುದಿಲ್ಲ.

ಸಸ್ಯೋದ್ಯಾನದಲ್ಲೇ ನಡೆಯುವ ಶೋ

ಇವುಗಳ ಜಾತಿಯೇ ಬೇರೆ. ಮರ, ಕೆರೆ, ಹಾದಿ ಮೊದಲೇ ಇರುತ್ತವೆ. ಶೋ ಅನ್ನೋದು ಅದರ ಮೇಲಿನ ಅಲಂಕಾರ. ಊಟಿಯ ಸರ್ಕಾರಿ ಸಸ್ಯೋದ್ಯಾನದ ಮೇ ತಿಂಗಳ ಶೋ 1896ರಿಂದ ಇದೆ. ಲಾಲ್‌ಬಾಗ್‌ನಲ್ಲಿ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. ಅಲ್ಲಿ ಈಗ ಗಣರಾಜ್ಯೋತ್ಸವಕ್ಕೊಂದು, ಸ್ವಾತಂತ್ರ್ಯ ದಿನಕ್ಕೊಂದು ಶೋ. ಬದಲಾವಣೆ ಇಲ್ಲೂ ಕಣ್ಣಿಗೆ ಹೊಡೆಯುತ್ತದೆ. ಬಹುಮಾನದ ಕುಂಡಗಳಿಗಿಂತ ಹೂವಿನಲ್ಲಿ ಕಟ್ಟಿದ ಪ್ರತಿಕೃತಿ ಮುಂದೆ ಬಂದಿದೆ. 2023ರ ಆಗಸ್ಟಿನಲ್ಲಿ ವಿಧಾನಸೌಧ ಮತ್ತು ಕೆಂಗಲ್ ಹನುಮಂತಯ್ಯ, 2024ರ ಜನವರಿಯಲ್ಲಿ ಬಸವಣ್ಣ ಮತ್ತು ವಚನ ಸಾಹಿತ್ಯ. ಪ್ರತಿ ಸಲ ಒಂದು ವಿಷಯ, ಜನ ಬರುವುದೂ ಅದಕ್ಕೇ.

ಇಂಥ ಕಡೆ ಖರ್ಚು ಕಡಿಮೆ, ಗದ್ದಲ ಜಾಸ್ತಿ. ನನ್ನ ಅಭಿಪ್ರಾಯ ಕೇಳಿದರೆ, ಗಾಜಿನ ಮನೆಯ ಒಳಗೆ ಒಂದು ಸುತ್ತು ಸಾಕು. ಉಳಿದ ಹೊತ್ತು ಹೊರಗಿನ ಮರಗಳಿಗೆ ಕೊಡಿ. ಶೋ ಮುಗಿದರೂ ಅವು ಅಲ್ಲೇ ಇರುತ್ತವೆ ನಿಜ, ಆದರೆ ಬಂದ ಮೇಲೆ ನೋಡದೆ ಹೋಗುವುದು ಯಾಕೆ, ಅಲ್ವಾ?

ಒಂದೇ ಜಾತಿಯ ಹುಚ್ಚರ ಶೋ

ಈಗ ನನ್ನ ಮೆಚ್ಚಿನ ವಿಷಯಕ್ಕೆ ಬಂದೆ. ಡೇರೆ ಸಂಘ, ಗುಲಾಬಿ ಸಂಘ, ಆರ್ಕಿಡ್ ಸಂಘ, ಕಳ್ಳಿ ಗಿಡಗಳ ಸಂಘ, ಬೋನ್ಸಾಯ್ ಸಂಘ. ಒಂದು ಸಣ್ಣ ಸಭಾಂಗಣ ಬಾಡಿಗೆಗೆ ಹಿಡಿದು, ಮಡಚುವ ಮೇಜು ಹಾಕಿ, ಬಿಳಿ ಬಟ್ಟೆ ಹಾಸಿ ಒಂದೋ ಎರಡೋ ದಿನ ನಡೆಸುವ ಪ್ರದರ್ಶನ. ಪ್ರವೇಶ ಎಷ್ಟೋ ಕಡೆ ಪುಕ್ಕಟೆ. ಜಾಹೀರಾತು ಇರುವುದಿಲ್ಲ, ಹುಡುಕಬೇಕು. ಹೊರಗೆ ಒಂದು ಕಾಗದದ ಬಾಣದ ಗುರುತು ಅಂಟಿಸಿದ್ದರೆ ಅದೇ ದೊಡ್ಡದು.

ಮೊದಲ ಸಲ ಹೋದವರಿಗೆ ಇದು ಬೋರು ಅನಿಸಬಹುದು. ಸಾಲು ಸಾಲು ಹೂದಾನಿ, ಪಕ್ಕದಲ್ಲಿ ಚೀಟಿ. ಹತ್ತಿರ ಹೋದಾಗಲೇ ಆಟ ಗೊತ್ತಾಗುವುದು. ಬ್ರಿಟನ್ನಿನ ಡೇರೆ ಸ್ಪರ್ಧೆಗಳಲ್ಲಿ ಪಾಂಪಾನ್ ಅನ್ನೋ ಚೆಂಡಿನಂಥ ಹೂ 52 ಮಿಲಿಮೀಟರ್ ಮೀರಬಾರದು. ತೀರ್ಪುಗಾರರು ಜೇಬಿನಿಂದ ಒಂದು ಉಂಗುರ ತೆಗೆದು ಹೂವಿನ ಮೇಲಿಂದ ಮೆಲ್ಲಗೆ ಇಳಿಸುತ್ತಾರೆ. ತೂರಿದರೆ ಉಳಿಯಿತು. ಸಿಕ್ಕಿಕೊಂಡರೆ ಆರು ತಿಂಗಳ ದುಡಿಮೆ ಹೊರಗೆ. ಹಿಂದಿನ ಸಂಜೆ ಕತ್ತರಿಸುವಾಗ ಸರಿಯಿದ್ದ ಹೂ ರಾತ್ರಿ ಒಂದು ಕೂದಲೆಳೆಯಷ್ಟು ಅರಳಿಬಿಟ್ಟಿದ್ದರೂ ಅಷ್ಟೇ.

ಇನ್ನೊಂದು ಆಘಾತ, ಎನ್‌ಎಎಸ್ ಅನ್ನೋ ಮೂರು ಅಕ್ಷರದ ಚೀಟಿ. ನಿಯಮದಂತೆ ಇಲ್ಲ ಅಂತ ಅರ್ಥ. ಮೂರು ಹೂ ಇಡಿ ಅಂದ ಕಡೆ ನಾಲ್ಕು ಇಟ್ಟರೆ, ಅವು ಎಷ್ಟೇ ಚೆಂದ ಇರಲಿ, ತೀರ್ಪುಗಾರರು ನೋಡುವುದೇ ಇಲ್ಲ. ಆ ಚೀಟಿ ಬಿದ್ದ ಹೂದಾನಿಯ ಮುಂದೆ ಬೆಳೆದವರು ನಿಂತು ಎಣಿಸಿ ನೋಡುವುದು ಕಂಡರೆ ಹೊಟ್ಟೆ ಚುರುಕ್ ಅನ್ನುತ್ತದೆ.

ಗಿಡ ಬೆಳೆಸುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ನಾನು ಕಂಡಿಲ್ಲ. ಮೊದಲ ಬಹುಮಾನದ್ದೂ ಮೂರನೆಯದ್ದೂ ಪಕ್ಕಪಕ್ಕ ಇರುತ್ತವೆ. ಯಾಕೆ ಅಂತ ಕೇಳಿದರೆ ಹೇಳುವವರು ಮೂರಡಿ ದೂರದಲ್ಲೇ ಇರುತ್ತಾರೆ. ಅವರ ಮಾತು ನಿಲ್ಲಿಸುವುದೇ ಕಷ್ಟ. ಪರ್ವತ ಸಸ್ಯಗಳ ಆಲ್ಪೈನ್ ಗಾರ್ಡನ್ ಸೊಸೈಟಿ 1929ರಿಂದ ಇದೆ. ಅದರ ಶೋಗಳಲ್ಲಿ ಎಲ್ಲಕ್ಕಿಂತ ಚೆಂದದ ಗಿಡಕ್ಕೆ ಫಾರರ್ ಪದಕ. ಅಲ್ಲಿಗೆ ಬರುವ ಅಂಗೈಯಗಲದ ಗಿಡವೊಂದು ಒಂದೇ ಮನೆಯಲ್ಲಿ ಎಷ್ಟೋ ವರ್ಷ ಸಾಕಿಸಿಕೊಂಡದ್ದು ಇರಬಹುದು. ಅದನ್ನು ಶೋಗಾಗಿ ಜೋಡಿಸಲು ಬರುವುದಿಲ್ಲ, ದುಡ್ಡು ಕೊಟ್ಟು ಒಂದು ವಾರದಲ್ಲಿ ತರಿಸಲೂ ಬರುವುದಿಲ್ಲ.

ಇಲ್ಲಿಯೂ ಬದಲಾವಣೆ ಇದೆ, ಒಳ್ಳೆಯದಲ್ಲ. ಬೆಳೆಗಾರರಿಗೆ ವಯಸ್ಸಾಗುತ್ತಿದೆ. ಮೇಜುಗಳ ನಡುವೆ ಖಾಲಿ ಜಾಗ ಜಾಸ್ತಿ ಕಾಣುತ್ತದೆ. ಹಾಗಾಗಿ ಯಾವತ್ತೋ ಹೋದರಾಯಿತು ಅಂತ ಮುಂದೂಡಬಾರದ ಶೋ ಅಂದರೆ ಇದೇ. ಮನೆಯವರು ಜೊತೆಗೆ ಬಂದರೆ ಅರ್ಧ ಗಂಟೆಗೇ ಆಕಳಿಸುತ್ತಾರೆ, ಅದಂತೂ ಖಾತ್ರಿ. ಒಬ್ಬರೇ ಹೋಗಿ.

ತಿಂಗಳುಗಟ್ಟಲೆ ನಡೆಯುವ ಎಕ್ಸ್‌ಪೋ

ಅಂತಾರಾಷ್ಟ್ರೀಯ ತೋಟಗಾರಿಕೆ ಎಕ್ಸ್‌ಪೋಗಳು ಒಸಾಕಾ (1990), ಕುನ್‌ಮಿಂಗ್ (1999), ಬೀಜಿಂಗ್ (2019), ದೋಹಾ (2023–24) ಹೀಗೆ ದೇಶ ಸುತ್ತುತ್ತವೆ. ಮುಂದಿನದು 2027ರಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಅಂತ ಗೊತ್ತಾಗಿದೆ. ಒಂದೊಂದು ದೇಶಕ್ಕೂ ಒಂದೊಂದು ತೋಟ, ಕಾಲು ಸೋಲುವಷ್ಟು ದೂರ. ಡಚ್ಚರ ಫ್ಲೋರಿಯಾಡ್ 1960ರಿಂದ ಸುಮಾರು ಹತ್ತು ವರ್ಷಕ್ಕೊಮ್ಮೆ ನಡೆದುಬಂದದ್ದು. 2022ರಲ್ಲಿ ಆಲ್ಮೆರೆಯಲ್ಲಿ ಮರಗಳನ್ನೆಲ್ಲ ಲ್ಯಾಟಿನ್ ಹೆಸರಿನ ಅಕ್ಷರ ಕ್ರಮದಲ್ಲಿ ನೆಟ್ಟಿದ್ದರು, ನಿಘಂಟಿನೊಳಗೆ ನಡೆದ ಹಾಗೆ. ಐಡಿಯಾ ಚೆನ್ನಾಗಿತ್ತು. ಆದರೆ ಜನ ಎಣಿಸಿದ್ದಕ್ಕಿಂತ ತುಂಬಾ ಕಡಿಮೆ ಬಂದರು, ಊರಿನ ಆಡಳಿತಕ್ಕೆ ದೊಡ್ಡ ನಷ್ಟವೇ ಆಯಿತು.

ಎಕ್ಸ್‌ಪೋಗೆ ಹೋಗುವವರು ತೆರೆದ ಮೊದಲ ವಾರ ಹೋಗಬೇಡಿ. ಎಳೆ ಗಿಡ, ಬೋಳು ಪಾತಿ, ಮುಗಿಯದ ಕೆಲಸ. ಎರಡು ತಿಂಗಳು ಕಳೆದ ಮೇಲೆ ಅದೇ ಟಿಕೆಟ್ಟಿಗೆ ದುಪ್ಪಟ್ಟು ಹಸಿರು ಸಿಗುತ್ತದೆ. ಮಕ್ಕಳು, ಅಜ್ಜಿ, ಗಿಡದ ಗೊಡವೆ ಇಲ್ಲದ ಭಾವ, ಎಲ್ಲರನ್ನೂ ಕರೆದುಕೊಂಡು ಹೋಗುವುದಾದರೆ ಇದೇ ಸರಿ.

ಟಿಕೆಟ್ಟೇ ಇಲ್ಲದ ಹೂಗಳು

ಸ್ಪೇನಿನ ಜಿರೋನಾದಲ್ಲಿ ಮೇ ತಿಂಗಳಲ್ಲಿ ಟೆಂಪ್ಸ್ ದೆ ಫ್ಲೋರ್ಸ್ ಅನ್ನೋ ಹೂವಿನ ಕಾಲ. ಹಳೆ ಊರಿನ ಅಂಗಳ, ಮೆಟ್ಟಿಲು, ಚರ್ಚು ಎಲ್ಲ ಹೂವಿನಿಂದ ತುಂಬುತ್ತವೆ. ಬೇರೆ ದಿನ ಬಾಗಿಲು ಹಾಕಿರುವ ಮನೆಗಳ ಒಳಂಗಳಕ್ಕೂ ಆಗ ಹೋಗಬಹುದು. ಬ್ರಸೆಲ್ಸ್‌ನ ಗ್ರಾಂಡ್ ಪ್ಲಾಸ್ ಚೌಕದಲ್ಲಿ ಎರಡು ವರ್ಷಕ್ಕೊಮ್ಮೆ ಆಗಸ್ಟಿನಲ್ಲಿ ಬಿಗೋನಿಯಾ ಹೂಗಳ ರತ್ನಗಂಬಳಿ ಹಾಸುತ್ತಾರೆ. 1971ರಲ್ಲಿ ಅಲ್ಲಿ ಮೊದಲು ಹಾಸಿದ್ದು. ಕೆಳಗೆ ನಿಂತು ನೋಡಲು ದುಡ್ಡಿಲ್ಲ. ಆದರೆ ಕೆಳಗಿನಿಂದ ಚಿತ್ತಾರ ಪೂರ್ತಿ ಕಾಣುವುದಿಲ್ಲ. ಟೌನ್ ಹಾಲಿನ ಬಾಲ್ಕನಿಗೆ ಹತ್ತಬೇಕು, ಅದಕ್ಕೆ ಟಿಕೆಟ್. ಪುಕ್ಕಟೆಯದರ ನಡುವೆ ಕೊಡಬೇಕಾದ ದುಡ್ಡು ಅಂದರೆ ಅದೇ, ಕೊಟ್ಟುಬಿಡಿ.

ಕ್ಯೂಕೆನ್‌ಹಾಫ್ ಸೀಮೆಯಲ್ಲೂ ಏಪ್ರಿಲ್‌ನ ಒಂದು ಶನಿವಾರ ಹೂವಿನ ರಥಗಳ ಮೆರವಣಿಗೆ ಇದೆ. ನೋರ್ಡ್‌ವೈಕ್‌ನಿಂದ ಹಾರ್ಲೆಮ್ ತನಕ, ಸುಮಾರು 40 ಕಿಲೋಮೀಟರ್. ರಸ್ತೆ ಪಕ್ಕ ನಿಂತರೆ ಸಾಕು. ಆವತ್ತು ಕ್ಯೂಕೆನ್‌ಹಾಫ್ ಒಳಗೆ ಮಾತ್ರ ಕಾಲಿಡಲೂ ಜಾಗ ಇರುವುದಿಲ್ಲ. ಎರಡನ್ನೂ ಒಂದೇ ದಿನಕ್ಕೆ ಇಟ್ಟುಕೊಳ್ಳಬೇಡಿ.

ಗಿಡ ಕೊಳ್ಳುವ ಆಸೆ ಇದ್ದರೆ

ಒಂದು ಸಲ ನಾನು ಗೇಟು ತೆರೆದ ಹತ್ತೇ ನಿಮಿಷಕ್ಕೆ ಹೈಡ್ರೇಂಜಿಯಾ ಕೊಂಡೆ. ತಲೆಯಷ್ಟು ದೊಡ್ಡ ನೀಲಿ ಹೂವು. ಇಡೀ ದಿನ ಹೊತ್ತು ತಿರುಗಿದೆ. ಮಧ್ಯಾಹ್ನಕ್ಕೆ ಎಲೆ ಜೋತುಬಿತ್ತು, ಸಂಜೆಗೆ ಹೂವೂ ಬಾಗಿತು. ಮನೆಗೆ ತಂದು ಕುಂಡ ಬಿಡಿಸಿ ನೋಡಿದರೆ ಮಣ್ಣಿನ ಮುದ್ದೆಯಲ್ಲಿ ಬೇರೇ ಹರಡಿರಲಿಲ್ಲ. ಶೋಗಾಗಿ ಆವತ್ತಷ್ಟೇ ದೊಡ್ಡ ಕುಂಡಕ್ಕೆ ಹಾಕಿದ್ದರು. ಮುಂದಿನ ವರ್ಷ ಅದು ಹಸಿರು ಎಲೆ ಮಾತ್ರ ಕೊಟ್ಟಿತು. ಅಂಗಡಿಯವರನ್ನು ದೂರಿ ಏನು ಪ್ರಯೋಜನ, ಬುಡ ನೋಡದೆ ಹೂ ನೋಡಿ ಕೊಂಡವನು ನಾನೇ.

ಈಗ ಕೊಳ್ಳುವ ಮೊದಲು ಕುಂಡದ ತಳದ ತೂತು ನೋಡುತ್ತೇನೆ, ಬಿಳಿ ಬೇರಿನ ತುದಿ ಕಾಣಬೇಕು. ಅರಳಿದ್ದಕ್ಕಿಂತ ಮೊಗ್ಗು ಜಾಸ್ತಿ ಇರುವುದನ್ನು ಆರಿಸುತ್ತೇನೆ. ಶೋಗಾಗಿ ಬಲವಂತದಿಂದ ಅರಳಿಸಿದ ಗಿಡ ಮನೆಯಲ್ಲಿ ಮುಂದಿನ ವರ್ಷ ಬೇರೆ ತಿಂಗಳಲ್ಲೇ ಹೂ ಬಿಡುವುದು. ಅದನ್ನೂ ನರ್ಸರಿಯವರನ್ನೇ ಕೇಳಿ. ದುಡ್ಡು ಕೊಟ್ಟ ಮೇಲೆ ಗಿಡವನ್ನು ಅವರ ಹತ್ತಿರವೇ ಬಿಟ್ಟು, ಹೋಗುವಾಗ ತೆಗೆದುಕೊಳ್ಳಿ. ದೊಡ್ಡ ಶೋಗಳಲ್ಲಿ ಗಿಡ ಇಟ್ಟುಕೊಳ್ಳಲೆಂದೇ ಒಂದು ಜಾಗ ಇರುತ್ತದೆ.

ಟುಲಿಪ್ ಸೀಸನ್ನಿನಲ್ಲಿ ಗೆಡ್ಡೆ ತರುತ್ತೇನೆ ಅಂತ ಚೀಲ ಖಾಲಿ ಬಿಟ್ಟು ಹೋಗಬೇಡಿ. ಗೆಡ್ಡೆ ಕೀಳುವುದು ಬೇಸಿಗೆಯಲ್ಲಿ, ನೆಡುವುದು ಚಳಿಗೆ ಮೊದಲು. ವಸಂತದಲ್ಲಿ ಆರ್ಡರ್ ಕೊಟ್ಟರೆ ತಿಂಗಳುಗಳ ನಂತರ ಕಳಿಸುತ್ತಾರೆ. ಗಡಿ ದಾಟಿಸುವುದಾದರೆ ರೋಗ ಇಲ್ಲ ಅನ್ನೋ ಫೈಟೋಸ್ಯಾನಿಟರಿ ಪ್ರಮಾಣಪತ್ರ ಬೇಕು. ನಿಮ್ಮ ದೇಶದ ಆಮದು ನಿಯಮವನ್ನೂ ನೋಡಿಕೊಳ್ಳಬೇಕು. ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ಕಸದ ಬುಟ್ಟಿಗೆ. ಬೆಚ್ಚಗಿನ ಜಾಗದಲ್ಲಿ ನೆಡುವವರು ಗೆಡ್ಡೆಯನ್ನು ಮೊದಲು ಮೂರು ತಿಂಗಳಿಗೂ ಜಾಸ್ತಿ ಫ್ರಿಜ್ಜಿನಲ್ಲಿ ಇಡಬೇಕು. ಜೊತೆಗೆ ಸೇಬು ಇಡಬಾರದು, ಅದರಿಂದ ಬರುವ ಅನಿಲಕ್ಕೆ ಒಳಗಿನ ಮೊಗ್ಗು ಸುಟ್ಟುಹೋಗುತ್ತದೆ.

ಅಗ್ಗಕ್ಕೆ ಬೇಕಾದರೆ ಕೊನೆಯ ದಿನದ ಕೊನೆಯ ಗಂಟೆ. ಚೆಲ್ಸಿಯಲ್ಲಿ ಶನಿವಾರ ಸಂಜೆ ನಾಲ್ಕಕ್ಕೆ ಗಂಟೆ ಬಾರಿಸುತ್ತಾರೆ. ಅಲ್ಲಿಯ ತನಕ ಮುಟ್ಟಬಾರದಾಗಿದ್ದ ಎಷ್ಟೋ ಗಿಡಗಳು ಆಗ ಮಾರಾಟಕ್ಕೆ. ಐದು ದಿನ ಬಿಸಿಲು, ದೀಪ, ಜನರ ಉಸಿರು ತಿಂದ ಗಿಡಗಳು ಅವು. ಬದುಕುವುದು ಅದೃಷ್ಟ. ಆದರೂ ಆಳೆತ್ತರದ ಡೆಲ್ಫಿನಿಯಂ ಅಪ್ಪಿಕೊಂಡು ಜನ ಮೆಟ್ರೋ ಹತ್ತುತ್ತಾರೆ. ಬಾಗಿಲು ಮುಚ್ಚುವಾಗ ನೀಲಿ ಎಸಳು ನಾಲ್ಕು ಹೊರಗೆ ಉದುರುತ್ತವೆ, ಪಕ್ಕದ ಸೀಟಿನವರು ತಲೆ ಬಗ್ಗಿಸಿ ಜಾಗ ಮಾಡಿಕೊಡುತ್ತಾರೆ. ಹೋಗುವುದಾದರೆ ಉದ್ದ ಹಗ್ಗ, ಎರಡು ಗಟ್ಟಿ ಚೀಲ ಇಟ್ಟುಕೊಳ್ಳಿ. ಮತ್ತೆ ಹೆಸರಿನ ಚೀಟಿ ಗಿಡದ ಜೊತೆಗೇ ಇದೆಯಾ ಅಂತ ಆ ನೂಕುನುಗ್ಗಲಲ್ಲೂ ಒಮ್ಮೆ ನೋಡಿ.